ಸೊಂಟಕ್ಕೆ ಒಗ್ಗೋ ರಿವಾಲ್ವರ್ ಹುಡುಕಿದ್ದು: ನನ್ನ ಅನುಭವ

ನಮ್ಮದು ಮೂಡಿಗೆರೆ ಸೀಮೆ, ಕಾಫಿ ಮೆಣಸು ಎರಡೂ ಇದೆ. ಬಟವಾಡೆ ದಿನ, ಅಂದ್ರೆ ಆಳುಗಳಿಗೆ ಕೂಲಿ ಕೊಡೋ ದಿನ, ಬ್ಯಾಂಕಿಂದ ದುಡ್ಡು ತಗೊಂಡು ತೋಟದವರೆಗೆ ಒಬ್ನೇ ಬರ್ಬೇಕು, ಮೆಣಸು ಮಾರಿದ ದಿನ ಇನ್ನೂ ಹೆಚ್ಚು ದುಡ್ಡು ಇರುತ್ತೆ, ದಾರಿಯಲ್ಲಿ ಮೂರ್ನಾಲ್ಕು ಕಿಲೋಮೀಟರ್ ಮೊಬೈಲ್ ಸಿಗ್ನಲ್ಲೇ ಇಲ್ಲ. ಅದಕ್ಕೇ ಸೊಂಟಕ್ಕೆ ಕಟ್ಕೊಳ್ಳೋ ಆಯುಧದ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದು. ಪಕ್ಕದ ಕೊಡಗಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರೋ ಲೈಸೆನ್ಸ್ ವಿನಾಯಿತಿ ನಮ್ಮ ಜಿಲ್ಲೆಗಿಲ್ಲ, ನಮಗೆ ಡಿಸಿ ಆಫೀಸು, ಪೊಲೀಸ್ ವೆರಿಫಿಕೇಶನ್, ಬಂದೂಕು ತರಬೇತಿ ಸರ್ಟಿಫಿಕೇಟ್ ಎಲ್ಲಾ ಆಗ್ಲೇಬೇಕು. ಆ ಓಡಾಟದ ಬಗ್ಗೆ ಬರೆಯಲ್ಲ, ಎಲ್ಲರಿಗೂ ಗೊತ್ತಿರೋದೆ. ಲೈಸೆನ್ಸ್ ಕೈಗೆ ಬಂದ್ಮೇಲೆ ಯಾವುದನ್ನ ತಗೋಬೇಕು ಅಂತ ಹೇಗೆ ತೀರ್ಮಾನ ಮಾಡ್ದೆ ಅನ್ನೋದನ್ನ ಮಾತ್ರ ಹೇಳ್ತೀನಿ.

ನಮ್ಮ ಭಾವ ಒಬ್ರು ಸಕಲೇಶಪುರದ ಕಡೆ ಇದಾರೆ. ಅವರು ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ, ಹಿಡಿತ ಚೆನ್ನಾಗಿದೆ ಅಂತ ತಂದ್ರು. ಒಂದು ವಾರ ಸೊಂಟಕ್ಕೆ ಹಾಕ್ಕೊಂಡ್ರು, ಆಮೇಲೆ ಒತ್ತುತ್ತೆ ಅಂತ ಜೀಪಿನ ಡ್ಯಾಶ್‌ಬೋರ್ಡಿಗೆ ಹೋಯ್ತು, ಅಕ್ಕ ಗಲಾಟೆ ಮಾಡಿದ್ಮೇಲೆ ಬೀರು ಸೇರ್ತು. ಡ್ಯಾಶ್‌ಬೋರ್ಡಲ್ಲಿ ಇಡೋದು ಎಲ್ಲಕ್ಕಿಂತ ಅಪಾಯ, ಡೀಸೆಲ್ ಹಾಕ್ಸೋಕೆ ಇಳಿದಾಗ ಯಾರು ಬೇಕಾದ್ರೂ ಬಾಗಿಲು ತೆಗೀಬಹುದು, ಮಕ್ಕಳು ಕೈ ಹಾಕಬಹುದು. ಅವರದನ್ನ ನೋಡಿದ್ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯ್ತು: ಅಂಗಡಿಯಲ್ಲಿ ಎರಡು ನಿಮಿಷ ಕೈಯಲ್ಲಿ ಹಿಡಿಯೋದು ಬೇರೆ, ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಮೈಮೇಲೆ ಇಟ್ಕೊಳ್ಳೋದು ಬೇರೆ. ಮೈಗೆ ಒಗ್ಗದೇ ಇದ್ರೆ ಎಲ್ಲೋ ಒಂದು ಕಡೆ ತೆಗೆದಿಟ್ಟೇ ಇಡ್ತೀವಿ.

ತಗೊಳ್ಳೋ ಮುಂಚೆಯೇ ಮೈಮೇಲೆ ಇಟ್ಟು ನೋಡ್ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ, 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಆದ್ಮೇಲೆ ಒಬ್ಬರ ಹೆಸರಲ್ಲಿ ಎರಡೇ ಆಯುಧ, ಮೊದಲು ಮೂರು ಇತ್ತು. ನನ್ನ ಹೆಸರಲ್ಲಿ ಅಪ್ಪನ ಕಾಲದ ಜೋಡಿ ನಳಿಕೆ 12 ಬೋರ್ ಕೋವಿ ಇದೆ, ಅದನ್ನ ಕೊಡೋ ಮಾತೇ ಇಲ್ಲ. ಹಾಗಾಗಿ ಉಳಿದಿದ್ದು ಒಂದೇ ಜಾಗ, ತಪ್ಪು ಮಾಡಿ ಇನ್ನೊಂದು ತರ್ತೀನಿ ಅನ್ನೋ ಹಾಗಿಲ್ಲ.

ಬೇರೆಯವರ ಆಯುಧ ತಂದು ನಾಲ್ಕು ದಿನ ಕಟ್ಕೊಂಡು ನೋಡೋಣ ಅಂದ್ರೆ ಕಾನೂನು ಒಪ್ಪಲ್ಲ. ನಾನು ಮಾಡಿದ್ದು ಇಷ್ಟೇ, ಕಾನ್ಪುರದ ಸರ್ಕಾರಿ ಕಾರ್ಖಾನೆಯ ಮಾಮೂಲಿ ಪಾಯಿಂಟ್ 32 (ಗುಂಡಿನ ಅಗಲದ ಅಳತೆ, ಇಂಚಲ್ಲಿ) ರಿವಾಲ್ವರ್ ಅಳತೆ ತಗೊಂಡೆ, 3 ಇಂಚಿನ ನಳಿಕೆ, ಒಟ್ಟು ಉದ್ದ 7 ಇಂಚು, ತೂಕ 700 ಗ್ರಾಂ. ನಮ್ಮ ಬಡಗಿ ಹತ್ರ ಸಿಲ್ವರ್ ಓಕ್ ಮರದ ತುಂಡಲ್ಲಿ ಆ ಅಳತೆಗೆ ಒಂದು ಕೆತ್ತಿಸ್ದೆ, ನಡುವೆ ಗುಂಡು ತುಂಬೋ ಸಿಲಿಂಡರ್ ಉಬ್ಬು ಬರೋ ಹಾಗೆ. ಪಿಸ್ತೂಲ್ ಥರ ಚಪ್ಪಟೆ ಇನ್ನೊಂದು. ಒಳಗೆ ತೂತು ಕೊರೆದು ಮೀನಿನ ಬಲೆಗೆ ಕಟ್ಟೋ ಸೀಸ ತುಂಬಿ, ಮೆಣಸು ತೂಗೋ ತಕ್ಕಡಿಯಲ್ಲಿಟ್ಟು ತೂಕ ಸರಿ ಮಾಡ್ದೆ, ಗುಂಡಿನ ಲೆಕ್ಕಕ್ಕೆ ಅಂತ ಇನ್ನೊಂದು 60 ಗ್ರಾಂ ಸೇರಿಸ್ದೆ. ಬಣ್ಣ ಹೊಡೀಲಿಲ್ಲ, ಪಾಲಿಶ್ ಮಾಡ್ಲಿಲ್ಲ, ಅಕಸ್ಮಾತ್ ಅಂಗಿ ಸರಿದ್ರೂ ಮರದ ತುಂಡು ಅಂತಲೇ ಕಾಣ್ಬೇಕು ಅಂತ. ಎರಡನ್ನೂ ಹದಿನೈದು ಹದಿನೈದು ದಿನ ಸೊಂಟದಲ್ಲಿ ಇಟ್ಕೊಂಡು ಓಡಾಡ್ದೆ, ಅದು ನವೆಂಬರ್ ಡಿಸೆಂಬರ್, ಕಾಫಿ ಹಣ್ಣು ಕುಯ್ಯೋ ಕಾಲ.

ಒಂದೇ ತಿಂಗಳಲ್ಲಿ ಎಷ್ಟು ಗೊತ್ತಾಯ್ತು ಅಂದ್ರೆ, ನಿಂತಾಗ ನಡೆದಾಗ ಯಾವುದೂ ಕಷ್ಟ ಇಲ್ಲ, ಕಷ್ಟ ಎಲ್ಲಾ ಕೂತಾಗ ಬಗ್ಗಿದಾಗ. ಕಣದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಫಿ ಒಣಗಿದ್ಯಾ ಅಂತ ಕೈಯಲ್ಲಿ ತಗೊಂಡು ನೋಡ್ಬೇಕಾದ್ರೆ ಮುಂದೆ ಹೊಟ್ಟೆ ಹತ್ರ ಇಟ್ಕೊಂಡ್ರೆ ನಳಿಕೆ ತೊಡೆಸಂದಿಗೆ ಚುಚ್ಚುತ್ತೆ. ಪೂರ್ತಿ ಹಿಂದೆ ಬೆನ್ನಿಗೆ ಇಟ್ರೆ ಜೀಪ್ ಸೀಟಿಗೂ ಬೆನ್ನೆಲುಬಿಗೂ ಮಧ್ಯೆ ಸಿಕ್ಕಾಕ್ಕೊಂಡು ನಮ್ಮ ತೋಟದ ರಸ್ತೆಯಲ್ಲಿ ಒಂದೊಂದು ಗುಂಡಿಗೂ ಗುದ್ದುತ್ತೆ, ಬಿದ್ರೆ ಬೆನ್ನಿಗೇ ಪೆಟ್ಟು. ಬಲ ಸೊಂಟದ ಎಲುಬಿಂದ ಎರಡು ಬೆರಳು ಹಿಂದಕ್ಕೆ ಇಟ್ಟಾಗ ಮಾತ್ರ ಎಲ್ಲದಕ್ಕೂ ಸರಿ ಹೋಯ್ತು. ಅಲ್ಲೂ ಒಂದು ತೊಂದರೆ, ನಮ್ಮ ಗಾಡಿಗಳಲ್ಲಿ ಡ್ರೈವರ್ ಸೀಟ್ ಬೆಲ್ಟಿನ ಕೆಳಗಿನ ಪಟ್ಟಿ ಬಲಗಡೆಯಿಂದಲೇ ಬರುತ್ತೆ, ಹಿಡಿ ಅದರ ಕೆಳಗೆ ಸಿಕ್ಕೊಳ್ಳುತ್ತೆ. ಬೆಲ್ಟ್ ಹಾಕ್ಕೊಂಡ್ಮೇಲೆ ಪಟ್ಟಿಯನ್ನ ಹಿಡಿಯ ಕೆಳಗಡೆಗೆ ಸರಿಸಿಕೊಳ್ಳೋದು ಈಗ ಅಭ್ಯಾಸ ಆಗಿದೆ.

ತೂಕದ ವಿಷಯದಲ್ಲಿ ನಾನು ಅಂದ್ಕೊಂಡಿದ್ದು ತಪ್ಪಾಗಿತ್ತು. ಹಗುರ ಇದ್ರೆ ಆರಾಮ ಅಂತ 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಮೇಲೆ ಮನಸ್ಸಿತ್ತು, ಅದು 500 ಗ್ರಾಂ, ಬಿಟ್ಟಾಗಲೇ 1.22 ಲಕ್ಷ ರೂಪಾಯಿ ಇತ್ತು. ಮರದ ತುಂಡಿಂದ ಸ್ವಲ್ಪ ಸೀಸ ತೆಗೆದು 500ಕ್ಕೆ ಇಳಿಸಿ ನೋಡ್ದೆ. ನನ್ನ ಹಳೇ ತೆಳು ಬೆಲ್ಟಲ್ಲಿ 500 ಗ್ರಾಮೂ ಜೋತು ಬೀಳ್ತಿತ್ತು, ಪ್ಯಾಂಟ್ ಎಳೀತಿತ್ತು. ಚಿಕ್ಕಮಗಳೂರಲ್ಲಿ ಒಬ್ಬ ಚಪ್ಪಲಿ ಹೊಲಿಯೋರ ಹತ್ರ ಎರಡು ಪದರ ಚರ್ಮ ಕೂಡಿಸಿ ಒಂದೂವರೆ ಇಂಚು ಅಗಲದ ಬೆಲ್ಟ್ ಹೊಲಿಸಿಕೊಂಡೆ, ಅದು ಹಾಕಿದ್ಮೇಲೆ 700 ಗ್ರಾಂ ಇದೆ ಅನ್ನೋದೇ ಮರೆತು ಹೋಗ್ತಿತ್ತು. ಒತ್ತೋದು ತೂಕ ಅಲ್ಲ, ದಪ್ಪ. ರಿವಾಲ್ವರ್ ಯಾವುದೇ ಆಗ್ಲಿ ಸಿಲಿಂಡರ್ ಉಬ್ಬು ಇದ್ದೇ ಇರುತ್ತೆ, ಹಗುರ ಮಾಡಿದ್ರೆ ಅದೇನು ತೆಳ್ಳಗಾಗಲ್ಲ.

ಹಾಗೆ ನೋಡಿದ್ರೆ ಚಪ್ಪಟೆ ತುಂಡೇ ಆರಾಮ ಇತ್ತು, ಅದನ್ನ ಒಪ್ಕೋತೀನಿ. ಸರ್ಕಾರಿ ಕಾರ್ಖಾನೆದೇ ಅಶನಿ ಅಂತ ಪಾಯಿಂಟ್ 32 ಪಿಸ್ತೂಲ್ ಇದೆ, ಅಶನಿ ಅಂದ್ರೆ ಸಿಡಿಲು. ಅದನ್ನೇ ತಗೊಳ್ಳೋಣ ಅಂತ ಅಂಗಡಿಗೆ ಹೋದೆ. ಆದ್ರೆ ನನ್ನ ಬಲಗೈ ಹೆಬ್ಬೆರಳಿನ ಸಂದು ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಟೈಮಲ್ಲಿ ಏಟು ಬಿದ್ದು ಸರಿಯಾಗಿ ಮಡಚಲ್ಲ, ಕೈ ಒದ್ದೆ ಇದ್ದಾಗ ಸ್ಲೈಡ್, ಅಂದ್ರೆ ಪಿಸ್ತೂಲಿನ ಮೇಲಿನ ಜಾರೋ ಭಾಗ, ಹಿಂದಕ್ಕೆ ಎಳೆಯೋದು ನನಗೆ ನಂಬಿಕೆ ಬರ್ಲಿಲ್ಲ. ಪಿಸ್ತೂಲಲ್ಲಿ ಮ್ಯಾಗಜಿನ್ (ಗುಂಡಿನ ಡಬ್ಬಿ) ತೆಗೆದ್ರೂ ನಳಿಕೆ ಹಿಂದಿನ ಚೇಂಬರಲ್ಲಿ ಒಂದು ಗುಂಡು ಉಳಿದಿರಬಹುದು, ಅದನ್ನ ಪ್ರತಿ ಸಲ ನೆನಪಿಟ್ಟು ನೋಡ್ಬೇಕು. ಕಾನ್ಪುರದ ರಿವಾಲ್ವರ್ ಮಡಚಿ ತೆರೆದ್ರೆ ಆರೂ ಖಾನೆ ಒಂದೇ ನೋಟಕ್ಕೆ ಕಾಣುತ್ತೆ, ಮನೇಲಿ ಇಬ್ಬರು ಮಕ್ಕಳಿರೋ ನನಗೆ ಅದು ದೊಡ್ಡ ಸಮಾಧಾನ. ಆ ಮಾಮೂಲಿ ಮಾರ್ಕ್ 3 ರಿವಾಲ್ವರನ್ನೇ ತಗೊಂಡೆ. ಹೊಸಬರಿಗೆ ಒಂದು ಮಾತು, ಎರಡಕ್ಕೂ ಪಾಯಿಂಟ್ 32 ಅಂತಲೇ ಕರೆದ್ರೂ ಗುಂಡು ಬೇರೆ ಬೇರೆ, ರಿವಾಲ್ವರ್‌ದು ಉದ್ದ, ಪಿಸ್ತೂಲ್‌ದು ಗಿಡ್ಡ, ತಗೊಳ್ಳುವಾಗ ಪೆಟ್ಟಿಗೆ ಮೇಲೆ ಓದಿ.

ಹೋಲ್‌ಸ್ಟರ್, ಅಂದ್ರೆ ಆಯುಧ ಇಡೋ ಕವಚದ ಬಗ್ಗೆ ಹೇಳ್ಲೇಬೇಕು. ಬರೀ ಪ್ಯಾಂಟಿಗೆ ಸಿಕ್ಕಿಸಿಕೊಂಡು ಓಡಾಡೋರನ್ನ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ. ಟ್ರಿಗರ್ ಪೂರ್ತಿ ಮುಚ್ಚೋ ಹೋಲ್‌ಸ್ಟರ್ ಬೇಕು, ಅಂಗಿಯೊಳಗೆ ಕೈ ಹೋದಾಗ ಬೆರಳಿಗೆ ಟ್ರಿಗರ್ ಸಿಗಲೇಬಾರದು. 2016ರ ಆಯುಧ ನಿಯಮದಲ್ಲೂ ಇದೆ, ಸಾರ್ವಜನಿಕ ಜಾಗದಲ್ಲಿ ಹೋಲ್‌ಸ್ಟರಲ್ಲೇ ಇರ್ಬೇಕು, ಪೂರ್ತಿ ಮುಚ್ಚಿರ್ಬೇಕು. ನಾನು ಅಂಗಿ ಇನ್ ಮಾಡೋದು ಬಿಟ್ಟೆ, ಒಂದು ಸೈಜ್ ದೊಡ್ಡ ಅಂಗಿ ಹೊಲಿಸ್ತೀನಿ. ಪಂಚೆ ಉಟ್ಟ ದಿನ ಕಟ್ಕೊಳ್ಳೋದೇ ಇಲ್ಲ, ಪಂಚೆ ಮೇಲೆ ಯಾವ ಬೆಲ್ಟೂ ನಿಲ್ಲಲ್ಲ. ಮದುವೆ ಮನೆ, ಒಂದು ಪೆಗ್ ತಗೊಳ್ಳೋ ಜಾಗ ಇದ್ದ ದಿನ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇರುತ್ತೆ. ಭದ್ರಾ ಅಭಯಾರಣ್ಯದ ಕಡೆ ಹೋಗೋದಿದ್ರೂ ಅಷ್ಟೇ, ಅನುಮತಿ ಇಲ್ದೆ ಒಳಗೆ ಆಯುಧ ತಗೊಂಡು ಹೋಗೋ ಹಾಗಿಲ್ಲ. ಆನೆಗೆ ಅಂತ ಇಟ್ಕೋತೀನಿ ಅನ್ನೋರೂ ಇದಾರೆ. ಆನೆ ಮುಂದೆ ಇದೇನೂ ಅಲ್ಲ, ಆನೆ ಸದ್ದು ಕೇಳಿದ ತಕ್ಷಣ ನಾವೇ ಹಿಂದಕ್ಕೆ ಬಂದುಬಿಡೋದೇ.

ಮಳೆಗಾಲ ಒಂದು ಬೇರೆ ಪಾಠ. ಮೊದಲು ತಗೊಂಡಿದ್ದು ಚರ್ಮದ ಹೋಲ್‌ಸ್ಟರ್, ಮೈಗೆ ಮೆತ್ತಗೆ ಹಿತವಾಗಿತ್ತು. ಜುಲೈಯಲ್ಲಿ ಕೊಟ್ಟಿಗೆಹಾರದ ಕಡೆ ಹೋಗಿ ನೆನೆದು ಬಂದು ರಾತ್ರಿ ಹಾಗೇ ಇಟ್ಟೆ, ಬೆಳಗ್ಗೆ ಸಿಲಿಂಡರ್ ಅಂಚಲ್ಲಿ ಕೆಂಪಗೆ ತುಕ್ಕು. ಚರ್ಮ ನೀರು ಹಿಡಿದಿಟ್ಟುಕೊಳ್ಳುತ್ತೆ, ಬೆವರೂ ಅಷ್ಟೇ. ಈಗ ಜೂನಿಂದ ಸೆಪ್ಟೆಂಬರ್‌ವರೆಗೆ ಗಟ್ಟಿ ಪ್ಲಾಸ್ಟಿಕ್‌ದು, ಮೈಗೂ ಅದಕ್ಕೂ ಮಧ್ಯೆ ಒಂದು ಹತ್ತಿ ಬನಿಯನ್ನು, ರಾತ್ರಿ ಗುಂಡು ತೆಗೆದು, ಒರೆಸಿ, ತೆಳ್ಳಗೆ ಗನ್ ಆಯಿಲ್ ಸವರಿ, ಹೋಲ್‌ಸ್ಟರ್‌ನಿಂದ ಹೊರಗೇ ಇಡೋದು. ಪ್ಲಾಸ್ಟಿಕ್‌ದು ಮೊದಲ ವಾರ ಗಟ್ಟಿ ಅನ್ಸುತ್ತೆ, ಆಮೇಲೆ ಒಗ್ಗುತ್ತೆ.

2024ರ ಲೋಕಸಭೆ ಚುನಾವಣೆಗೆ ರಿವಾಲ್ವರನ್ನ ಪೊಲೀಸ್ ಸ್ಟೇಷನ್ನಲ್ಲಿ ಇಟ್ಟು ಬರ್ಬೇಕಾಯ್ತು. ಆ ದಿನಗಳಲ್ಲಿ ಜೀಪ್ ಹತ್ತಿದ ತಕ್ಷಣ ಸೀಟ್ ಬೆಲ್ಟಿನ ಪಟ್ಟಿ ಸರಿಸೋಕೆ ಕೈ ತಾನಾಗೇ ಸೊಂಟಕ್ಕೆ ಹೋಗ್ತಿತ್ತು, ಅಲ್ಲಿ ಏನೂ ಇಲ್ಲ.

ಹೋದ ವರ್ಷ ಪಕ್ಕದ ತೋಟದ ಹುಡುಗನಿಗೆ ಲೈಸೆನ್ಸ್ ಬಂತು, ಯಾವುದು ತಗೊಳ್ಲಿ ಅಂತ ಕೇಳ್ಕೊಂಡು ಬಂದ. ನಾನು ಹೆಸರೇ ಹೇಳ್ಲಿಲ್ಲ, ಆ ಎರಡು ಮರದ ತುಂಡು ಕೊಟ್ಟು ಕಳಿಸ್ದೆ. ಅವನು ಸಣಕಲು, ಬೈಕಲ್ಲೇ ಓಡಾಡೋನು. ತಿಂಗಳಾದ್ಮೇಲೆ ಬಂದು, "ಅಣ್ಣ, ಉಬ್ಬಿದ್ದು ನನ್ ಎಲುಬಿಗೆ ತಾಗುತ್ತೆ, ಚಪ್ಪಟೆದೇ ಸರಿ" ಅಂದ. ಸ್ಲೈಡ್ ಎಳೆಯೋಕೆ ಅವನ ಕೈ ಗಟ್ಟಿ ಇದೆ, ಪಿಸ್ತೂಲ್ ತಗೊಂಡ. ತುಂಡುಗಳು ಇನ್ನೂ ಅವನ ಮನೇಲೇ ಇವೆ, ಯಾರಿಗಾದ್ರೂ ಬೇಕಾದ್ರೆ ಇಸ್ಕೊಂಡು ಕೊಡ್ತೀನಿ.