ಮೆಕಾಂಗ್ ಗಡಿಯ ದಡಗಳನ್ನು ನೀರಿನ ಮಟ್ಟ ನೋಡಿ ಅಳೆದದ್ದು: ನನ್ನ ಅನುಭವ

ಥಾಯ್ಲೆಂಡ್ ಮತ್ತು ಲಾವೋಸ್‌ಗಳ ನಡುವೆ ಮೆಕಾಂಗ್ ಗಡಿಯಾಗಿ ಹರಿಯುವ ಭಾಗದಲ್ಲಿ 1980ರ ದಶಕದ ಕೊನೆಯಿಂದ ಈಚೆಗೆ ದಡಗಳು ಎಷ್ಟು ಸರಿದಿವೆ ಎಂಬುದನ್ನು ಬೆಂಗಳೂರಿನಲ್ಲೇ ಕುಳಿತು ಉಚಿತ ಉಪಗ್ರಹ ಚಿತ್ರಗಳಿಂದ ಅಳೆಯುತ್ತೇನೆ ಎಂದಾಗ, ನಮ್ಮ ವೃತ್ತಿಯವರಲ್ಲಿ ಹೆಚ್ಚಿನವರು ನಂಬಲಿಲ್ಲ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್‌ಗೆ (ಈ ಅಮೆರಿಕನ್ ಉಪಗ್ರಹಗಳ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಚೌಕಕ್ಕೆ ಸಮ) ದಡದ ಕೊರೆತ ಸಿಗದು ಎಂಬುದು ಅವರ ವಾದವಾಗಿತ್ತು. ನಿಜವಾದ ತೊಡಕು ಬೇರೆಲ್ಲೋ ಇತ್ತು.

ರೂಢಿಯಂತೆ ನೀರು ಇಳಿದಿರುವ ಪ್ರತಿ ವರ್ಷದ ಮಾರ್ಚ್ ಚಿತ್ರಗಳನ್ನೇ ಜೋಡಿಸಿದಾಗ, ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್ ಮತ್ತು ಥಾಯ್ಲೆಂಡಿನ ನೋಂಗ್‌ಖಾಯ್ ಬಳಿಯ ಮರಳುದಿಬ್ಬಗಳು ಈಚೆಗೆ ಕುಗ್ಗಿದಂತೆ ಕಂಡವು. ಆದರೆ ಅದರಲ್ಲಿ ಕೊಚ್ಚಿಹೋದದ್ದೆಷ್ಟು, ಬರೀ ಮುಳುಗಿದ್ದೆಷ್ಟು ಎಂದು ಬೇರ್ಪಡಿಸುವಂತಿರಲಿಲ್ಲ. 2010ರ ಆಸುಪಾಸಿನಲ್ಲಿ ಕೆಲಸ ಆರಂಭಿಸಿದ ಇದೇ ನದಿಯ ಮೇಲ್ಭಾಗದಲ್ಲಿರುವ ಚೀನಾದ ಶಿಯಾವಾನ್, ನುವೋಝಾದು ಜಲಾಶಯಗಳು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ವಿದ್ಯುತ್ತಿಗಾಗಿ ಬಿಡುವುದರಿಂದ, ಇಂದಿನ ಮಾರ್ಚ್ ಮೊದಲಿನ ಮಾರ್ಚ್ ಅಲ್ಲ. ಆದ್ದರಿಂದ ತಿಂಗಳನ್ನು ಕೈಬಿಟ್ಟು, ಮೆಕಾಂಗ್ ನದಿ ಆಯೋಗದ ಮಾಪನ ಕೇಂದ್ರಗಳಲ್ಲಿ ನೀರಿನ ಮಟ್ಟ ಹೆಚ್ಚುಕಡಿಮೆ ಅರ್ಧ ಮೀಟರ್ ಅಂತರದೊಳಗೆ ಒಂದೇ ಆಗಿದ್ದ ದಿನಗಳ ಚಿತ್ರಗಳನ್ನು ಮಾತ್ರ ಆರಿಸಿದೆ. ಚಿಯಾಂಗ್‌ಖಾನ್, ನೋಂಗ್‌ಖಾಯ್, ನಖೋನ್ ಫನೋಮ್, ಮುಕ್ದಾಹಾನ್, ಖೋಂಗ್‌ಚಿಯಾಮ್ ಹೀಗೆ ಪ್ರತಿ ಭಾಗಕ್ಕೂ ಅದರದೇ ಕೇಂದ್ರ. ಎರಡು ಕೇಂದ್ರಗಳ ನಡುವಿನ ಮಟ್ಟವನ್ನು ಅಂದಾಜಿಸಿದ ಬಗೆಯನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೀಗೆ ಸೋಸಿದಾಗ ಕೈಯಲ್ಲಿ ಉಳಿದ ಚಿತ್ರಗಳು ಕಾಲು ಭಾಗಕ್ಕಿಂತ ಕಡಿಮೆ. ಲ್ಯಾಂಡ್‌ಸ್ಯಾಟ್‌-5 2011ರಲ್ಲಿ ಕೈಕೊಟ್ಟದ್ದರಿಂದ 2012ರ ಬೇಸಿಗೆಗೆ ಲ್ಯಾಂಡ್‌ಸ್ಯಾಟ್‌-7ರ ಉಪಕರಣದ ದೋಷದಿಂದ ಪಟ್ಟೆಪಟ್ಟೆಯಾಗಿ ಖಾಲಿ ಬಿಟ್ಟ ಚಿತ್ರಗಳಷ್ಟೇ ಸಿಕ್ಕವು; ಆ ವರ್ಷವನ್ನು ಬಿಟ್ಟುಬಿಟ್ಟೆ. ಮೋಡವನ್ನು ದಾಟಲೆಂದು ಯುರೋಪಿನ ಸೆಂಟಿನೆಲ್‌-1 ಉಪಗ್ರಹದ ರಾಡಾರ್ ಚಿತ್ರಗಳನ್ನು ಪ್ರಯೋಗಿಸಿದ್ದೂ ವ್ಯರ್ಥವಾಯಿತು, ಏಕೆಂದರೆ ನುಣುಪಾದ ಒಣ ಮರಳು ರಾಡಾರಿಗೆ ನೀರಿನಷ್ಟೇ ಕಪ್ಪಾಗಿ ಕಾಣುತ್ತದೆ.

ಸಂದೇಹಿಗಳನ್ನು ಸುಮ್ಮನಾಗಿಸಿದ್ದು ಖೋಂಗ್‌ಚಿಯಾಮ್‌ಗಿಂತ ಮೇಲಿನ ಮರಳುಗಲ್ಲಿನ ದಡ. ಆ ಬಂಡೆ ಈ ಅವಧಿಯಲ್ಲಿ ಕದಲುವಂಥದ್ದಲ್ಲವಾದ್ದರಿಂದ ಅಲ್ಲಿ ದಡ ಸರಿದಂತೆ ಕಾಣುವುದೆಲ್ಲ ನನ್ನ ಅಳತೆಯ ದೋಷವೇ, ಮತ್ತು ಅದು ಒಂದು ಪಿಕ್ಸೆಲ್‌ನೊಳಗೇ ಇತ್ತು. ಮೆಕ್ಕಲು ಭಾಗದಲ್ಲಿ ಅದನ್ನು ಮೀರಿದ ಬದಲಾವಣೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಬಂಡೆ ಮತ್ತು ನೀರು ಬೆರೆತ ಕಡೆ ಯಾವ ಪಿಕ್ಸೆಲ್ ನೀರು, ಯಾವುದು ನೆಲ ಎಂದು ಬೇರ್ಪಡಿಸುವ ಮಿತಿ ಹೇಗಿರಬೇಕೆಂದು ಮೊದಲು ಹಂಪಿಯ ತುಂಗಭದ್ರೆಯ ಮೇಲೆ ಪರೀಕ್ಷಿಸಿದ್ದು ಇಲ್ಲಿ ನೆರವಾಯಿತು.

ಗಡಿಗೆರೆಯನ್ನೇಕೆ ಎಳೆಯಲಿಲ್ಲ ಎಂದು ಕೇಳುವವರಿದ್ದಾರೆ. 1926ರ ಫ್ರಾನ್ಸ್–ಸಯಾಮ್ ಒಪ್ಪಂದದ ಪ್ರಕಾರ (ಲಾವೋಸ್ ಆಗ ಫ್ರಾನ್ಸಿನ ಅಧೀನದಲ್ಲಿತ್ತು; ಸಯಾಮ್ ಇಂದಿನ ಥಾಯ್ಲೆಂಡ್) ಗಡಿ ನದಿಯ ಅತಿ ಆಳದ ಪಾತ್ರದಲ್ಲಿ ಸಾಗುತ್ತದೆ. ದ್ವೀಪಗಳಿಂದ ನದಿ ಕವಲೊಡೆದ ಕಡೆ ಥಾಯ್ ದಡಕ್ಕೆ ಹತ್ತಿರದ ಕವಲನ್ನು ಹಿಡಿಯುತ್ತದೆ, ಆ ಕವಲು ಹೂಳು ತುಂಬಿ ಒಣಗಿದರೂ ತಾತ್ವಿಕವಾಗಿ ಅಲ್ಲೇ ಉಳಿಯುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಆಳ ಕಾಣುವುದಿಲ್ಲ.

ಇನ್ನೂ ಸೂಕ್ಷ್ಮ ವಿವರ ತೋರುವ ಉಪಗ್ರಹ ಚಿತ್ರಗಳಿಗೆ ಮಾರಾಟಗಾರರೊಬ್ಬರು ಹೇಳಿದ ದರ ಒಂದು ಚಿಕ್ಕ ತುಣುಕಿಗೇ ಲಕ್ಷ ದಾಟುತ್ತಿತ್ತು. ನನಗೆ ಒಟ್ಟು ತಗುಲಿದ್ದು ಎರಡು ಹಾರ್ಡ್‌ಡಿಸ್ಕ್ ಮತ್ತು ಹಳೆಯ ಲ್ಯಾಪ್‌ಟಾಪಿನ ಹೆಚ್ಚುವರಿ ಮೆಮೊರಿಗೆ ಕೊಟ್ಟ ಹದಿನೈದು ಸಾವಿರದಷ್ಟು.