ಆನ್‌ಲೈನ್‌ನಲ್ಲಿ ಕಾಫಿ ಪುಡಿ ಮಾರುವವರಿಗೆ

ಚಿಕ್ಕಮಗಳೂರಿಂದ ಕಾಫಿ ಪುಡಿ ಆನ್‌ಲೈನ್‌ನಲ್ಲಿ ಮಾರುವವರು ಮೊದಲು ಬೆಲೆಯ ಲೆಕ್ಕ ಹಾಕಿ. ನೀವು 500 ರೂಪಾಯಿ ಬೆಲೆ ಹಾಕಿದರೆ ಅದರಲ್ಲೇ 5% ಜಿಎಸ್‌ಟಿ, ಅಂದರೆ ಸುಮಾರು 24 ರೂಪಾಯಿ, ಸೇರಿರುತ್ತದೆ. ಆಮೇಲೆ ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರಾಟ ತಾಣ ಹಿಡಿಯುವ ಕಮಿಷನ್, ಕ್ಲೋಸಿಂಗ್ ಫೀ (ಪ್ರತಿ ಮಾರಾಟಕ್ಕೂ ಹಾಕುವ ನಿಗದಿತ ಶುಲ್ಕ), ಶಿಪ್ಪಿಂಗ್. ಈ ಶುಲ್ಕಗಳ ಮೇಲೂ 18% ಜಿಎಸ್‌ಟಿ! ಶಿಪ್ಪಿಂಗ್‌ಗೆ ತೂಕ ನೋಡುವುದು ಪ್ಯಾಕಿಂಗ್ ಸೇರಿಸಿ. ಅರ್ಧ ಕೆಜಿ ಪುಡಿಯನ್ನು ಡಬ್ಬಕ್ಕೆ ಹಾಕಿದರೆ ಹೆಚ್ಚು ಶುಲ್ಕದ ಮುಂದಿನ ತೂಕದ ಸ್ಲ್ಯಾಬ್‌ಗೆ ಹೋಗಿಬಿಡಬಹುದು, ಅಲ್ವಾ? ನನ್ನ ಪ್ರಕಾರ 400 ಗ್ರಾಂ ಪ್ಯಾಕೆಟ್ಟೇ ವಾಸಿ.

ಪೇಮೆಂಟ್‌ನಲ್ಲಿ 0.5% ಟಿಸಿಎಸ್ (ಮಾರಾಟ ತಾಣವೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿತ ಕಂಡರೆ ಗಾಬರಿ ಬೇಡ, ಅದು ಖರ್ಚಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಕ್ಲೈಮ್ ಮಾಡಿದರೆ ನಿಮ್ಮ ಕ್ಯಾಶ್ ಲೆಡ್ಜರ್‌ಗೆ, ಅಂದರೆ ಪೋರ್ಟಲ್‌ನಲ್ಲಿ ಜಿಎಸ್‌ಟಿ ಕಟ್ಟಲು ಇರುವ ನಿಮ್ಮ ಖಾತೆಗೆ, ಬರುತ್ತದೆ. ಸುಮ್ನೆ ಬಿಡಬೇಡಿ.

ಜಿಎಸ್‌ಟಿ ನಂಬರ್ ಇಲ್ಲವೇ? 2023ರ ಅಕ್ಟೋಬರ್‌ನಿಂದ ಸಣ್ಣ ವ್ಯಾಪಾರಿಗಳು ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಮಾಡಿಸಿಕೊಂಡು ಮಾರಬಹುದು. ಆದರೆ ಕರ್ನಾಟಕದ ಒಳಗೆ ಮಾತ್ರ.