ನೋಟಿಸ್ ಬಂದಾಗ ಮೊದಲು ಓದಬೇಕಾದ ಸಾಲು

ತನಿಖಾ ಸಂಸ್ಥೆಯ ನೋಟಿಸ್ ಕೈಗೆ ಬಂದೊಡನೆ ಕಣ್ಣು ಓಡುವುದು ಹಾಜರಾಗಬೇಕಾದ ದಿನಾಂಕದ ಕಡೆಗೆ. ಒಂದು ನಿಮಿಷ ತಡೆದು, ಅದರಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಬರೆದಿರುವ ಸಾಲನ್ನು ಹುಡುಕಿ. ಕರೆದವರಿಗೆ ತನಿಖೆ ಮಾಡುವ ಅಧಿಕಾರ ಎಲ್ಲಿಂದ ಬಂತು ಎಂಬುದು ಅಲ್ಲಿರುತ್ತದೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳಿ. ಕನ್ನಡದಲ್ಲಿ ಠಾಣೆಯಲ್ಲಿ ಪ್ರಶ್ನೆ ಕೇಳುವುದೂ ವಿಚಾರಣೆ, ಇಲಾಖೆ ನಡೆಸುವುದೂ ವಿಚಾರಣೆ, ನ್ಯಾಯಾಲಯದಲ್ಲಿ ನಡೆಯುವುದೂ ವಿಚಾರಣೆಯೇ. ಕಾನೂನು ಹೀಗೆ ಬೆರೆಸುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 2ನೇ ಸೆಕ್ಷನ್ ಪ್ರಕಾರ, ಸಾಕ್ಷ್ಯ ಸಂಗ್ರಹಿಸಲು ಪೊಲೀಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ ಬೇರೊಬ್ಬರು ನಡೆಸುವ ಪ್ರಕ್ರಿಯೆ ‘ತನಿಖೆ’. ಮ್ಯಾಜಿಸ್ಟ್ರೇಟರು ತಾವೇ ನಡೆಸಿದರೆ ಅದು ತನಿಖೆ ಎನಿಸುವುದಿಲ್ಲ. ‘ಪೊಲೀಸ್ ಠಾಣೆ’ಗೂ ವ್ಯಾಖ್ಯೆಯಿದೆ: ಫಲಕ ಹಾಕಿದ ಮಾತ್ರಕ್ಕೆ ಕಟ್ಟಡ ಠಾಣೆಯಾಗದು, ರಾಜ್ಯ ಸರ್ಕಾರ ಅದನ್ನು ಠಾಣೆ ಎಂದು ಘೋಷಿಸಿರಬೇಕು.

ಎರಡನೆಯದಾಗಿ, ಸಂಸ್ಥೆಯ ಬೇರು ನೋಡಿ. ಸಿಬಿಐಗೆ ಅಧಿಕಾರ ಬರುವುದು 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯಿಂದ. ಅದರ 6ನೇ ಸೆಕ್ಷನ್ ರಾಜ್ಯದ ಒಪ್ಪಿಗೆ ಕೇಳುತ್ತದೆ. ಪ್ರತಿ ಪ್ರಕರಣಕ್ಕೂ ಬೇರೆಯಾಗಿ ಕೇಳದೆ ತನಿಖೆ ನಡೆಸಲು ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು ಕರ್ನಾಟಕ 2024ರ ಸೆಪ್ಟೆಂಬರ್‌ನಲ್ಲಿ ಹಿಂಪಡೆಯಿತು. ಆದರೂ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಆದೇಶಿಸಿದರೆ ಆ ಒಪ್ಪಿಗೆ ಬೇಕಿಲ್ಲ. ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ವ್ಯಾಪ್ತಿ ಅದರದೇ 2008ರ ಕಾಯ್ದೆಯ ಅನುಸೂಚಿಯಲ್ಲಿರುವ ಅಪರಾಧಗಳ ಸುತ್ತ ಇದೆ.

ಬೇರು ಗಟ್ಟಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. ಭ್ರಷ್ಟಾಚಾರ ನಿಗ್ರಹ ದಳವನ್ನು 2016ರಲ್ಲಿ ಸರ್ಕಾರಿ ಆದೇಶದ ಮೂಲಕ ರಚಿಸಲಾಯಿತು. ಆರು ವರ್ಷ ದಾಳಿ, ಮೊಕದ್ದಮೆ ಎಲ್ಲವೂ ನಡೆದವು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿ, ಪ್ರಕರಣಗಳನ್ನು ಲೋಕಾಯುಕ್ತ ಪೊಲೀಸರಿಗೆ ವರ್ಗಾಯಿಸಿತು.

ಮೂರನೆಯದು ನನ್ನ ಮಟ್ಟಿಗೆ ಅತಿ ಮುಖ್ಯ: ಎದುರಿಗೆ ಕುಳಿತವರು ಕಾನೂನಿನ ದೃಷ್ಟಿಯಲ್ಲಿ ಪೊಲೀಸರೇ? ಜಾರಿ ನಿರ್ದೇಶನಾಲಯ (ಇ.ಡಿ.) ಬಳಸುವ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲಿ ‘ತನಿಖೆ’ಗೆ ಅದರದೇ ವ್ಯಾಖ್ಯೆಯಿದೆ. ಇ.ಡಿ. ಅಧಿಕಾರಿಗಳು ಪೊಲೀಸರಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿಕೊಂಡ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಸಾಕ್ಷ್ಯ ಕಾನೂನಿನ ಈ ರಕ್ಷಣೆ ಇ.ಡಿ. ಮುಂದೆ ಹಾಗೇ ಸಿಗುವುದಿಲ್ಲ. ಹಣ ವರ್ಗಾವಣೆ ತಡೆ ಕಾಯ್ದೆಯ 50ನೇ ಸೆಕ್ಷನ್ ಅಡಿ ಸಹಿ ಹಾಕಿ ಕೊಟ್ಟ ಹೇಳಿಕೆ ನಿಮ್ಮ ವಿರುದ್ಧವೇ ಬಳಕೆಯಾಗಬಹುದು. ಇಂಥ ಸಮನ್ಸ್ ಬಂದರೆ ಹಾಜರಾಗುವ ಮೊದಲೇ ವಕೀಲರನ್ನು ಕಾಣಿ.

ಇನ್ನು, ಬಂದ ದಾರಿಯನ್ನೂ ಗಮನಿಸಿ. ಹಾಜರಾಗುವಂತೆ ಆರೋಪಿಗೆ ಪೊಲೀಸರು ಕೊಡುವ, ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೋರಿಸಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಯಾವ ಕಾಯ್ದೆಯಲ್ಲೂ ಇಲ್ಲ. ಕರೆ ಕತ್ತರಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಪೊಲೀಸರು ಸಾಕ್ಷಿಯಾಗಿ ಕರೆದಿದ್ದರೆ ಅದೇ ಸಂಹಿತೆಯ 179ನೇ ಸೆಕ್ಷನ್ ಓದಿಕೊಳ್ಳಿ. ಆದೇಶ ಲಿಖಿತವಾಗಿರಬೇಕು. ಮಹಿಳೆಯರು, 15 ವರ್ಷದೊಳಗಿನ ಬಾಲಕರು, 60 ದಾಟಿದ ಪುರುಷರು, ಅಂಗವಿಕಲರು, ತೀವ್ರ ಅನಾರೋಗ್ಯದಲ್ಲಿರುವವರು ಠಾಣೆಗೆ ಹೋಗಬೇಕಿಲ್ಲ. ಪೊಲೀಸರೇ ಅವರ ಮನೆಗೆ ಬಂದು ಹೇಳಿಕೆ ಪಡೆಯಬೇಕು.